ಬದಲಿ ಮೀನುಗಳು

ಒಡೆದ ಗಾಜನ್ನು ತೆಗೆದು ಹೊಸದನ್ನು ಕೂರಿಸಿದ ಮೇಲೆ ಯಾವುದು ಹಳೆಯದು, ಯಾವುದು ಹೊಸದು ಎಂದು ಮನೆಯವರಿಗೇ ಗೊತ್ತಾಗಬಾರದು. ಗಾಜಿನವನ ಇಡೀ ಹೆಮ್ಮೆ ಇದೊಂದರಲ್ಲೇ ಇತ್ತು. ಅಳತೆ ಹಿಡಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದ, ಕೊಯ್ಯುವಾಗ ಪಕ್ಕದಲ್ಲಿ ಯಾರಾದರೂ ಬಾಯಿ ತೆರೆದರೆ ಉರಿದುಬೀಳುತ್ತಿದ್ದ. ಕೆಲಸ ಮುಗಿದ ಮೇಲೆ ಮಾತ್ರ ಮನೆಯ ಯಜಮಾನನನ್ನು ಹೊರಗೆ ಕರೆದು, "ಈಗ ಹೇಳಿ ನೋಡೋಣ, ಒಡೆದಿದ್ದು ಯಾವುದು?" ಎಂದು ಸವಾಲು ಹಾಕುತ್ತಿದ್ದ. ಯಜಮಾನ ತಪ್ಪು ಕಿಟಕಿಗೆ ಕೈತೋರಿಸಿದನೋ, ಅವತ್ತೆಲ್ಲ ಇವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆ ಹೆಮ್ಮೆಯನ್ನೇ ಮೀನಿನ ತೊಟ್ಟಿಯವರೆಗೂ ಹೊತ್ತುಕೊಂಡು ಹೋದದ್ದು ಅವನ ಗ್ರಹಚಾರ.

ಮದುವೆಯಾಗುವ ವಯಸ್ಸು ದಾಟಿತು ಎಂದು ಎಲ್ಲರೂ ಕೈಬಿಟ್ಟ ಮೇಲೆ ಅವನಿಗೆ ಮದುವೆಯಾಯಿತು. ಹೆಣ್ಣು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಅಲ್ಲಿನ ಶೋಕೇಸಿನ ಗಾಜು ಸೀಳುಬಿಟ್ಟಿದ್ದಕ್ಕೆ ಇವನನ್ನು ಕರೆಸಿದ್ದರು. ಒಂದೇ ಗಾಜಿಗೆ ಮೂರು ಸಲ ಅಳತೆ ತೆಗೆಯಲು ಬಂದವನ ಮನಸ್ಸಿನಲ್ಲಿ ಏನಿದೆ ಎಂದು ಆಕೆಗೆ ಎರಡನೇ ಸಲವೇ ಗೊತ್ತಾಗಿತ್ತು. ಮೂರನೇ ಸಲ ಅವಳೇ ಹೇಳಿದಳು: ಗಂಡ ತೀರಿಕೊಂಡಿದ್ದಾನೆ, ಐದನೇ ಕ್ಲಾಸಿನ ಮಗಳಿದ್ದಾಳೆ, ಅಳತೆ ತೆಗೆಯುವುದಾದರೆ ಇಬ್ಬರನ್ನೂ ಸೇರಿಸಿ ತೆಗೆಯಿರಿ. ಅವನು ಟೇಪನ್ನು ಜೇಬಿಗೆ ಹಾಕಿಕೊಂಡು, ಆಗಲಿ ಎಂದ.

ಆದರೆ ಮಗಳು ಜೊತೆಗೆ ಬರಲಿಲ್ಲ. ಅಪ್ಪ ಹೋದ ಮೇಲೆ ಅವಳು ಸೇತುವೆಯ ಆಚೆ, ಅಮ್ಮನ ಅಮ್ಮನ ಮನೆಯಲ್ಲಿದ್ದಳು. ಸ್ಕೂಲು ಅಲ್ಲಿಗೇ ಹತ್ತಿರ, ಅಜ್ಜಿಯ ಮಗ್ಗುಲು ಬಿಟ್ಟರೆ ನಿದ್ದೆಯೂ ಬಾರದು. ಶನಿವಾರ ಮಧ್ಯಾಹ್ನ ಅಮ್ಮನ ಬಳಿ ಬರುತ್ತಿದ್ದಳು, ಭಾನುವಾರ ಸಂಜೆ ಹೊರಟುಬಿಡುತ್ತಿದ್ದಳು. ಹೊಸ ಕ್ಲಾಸು ಶುರುವಾಗುವ ಹೊತ್ತಿಗೆ ಇಲ್ಲಿಗೇ ಬಂದಿರಲಿ ಎಂದು ಅಮ್ಮನಿಗೆ ಆಸೆ. ತನ್ನ ಅಂಗಡಿಯ ಮೇಲಿನ ಕೋಣೆಯನ್ನು ಗಾಜಿನವನು ಸುಣ್ಣಬಣ್ಣ ಮಾಡಿ ಖಾಲಿ ಇಟ್ಟಿದ್ದ. "ಬಲವಂತ ಮಾತ್ರ ಬೇಡ ರೀ," ಎಂದಿದ್ದಳು ಹೆಂಡತಿ. "ಬರ್ತೀನಿ ಅಂತ ಅವಳ ಬಾಯಲ್ಲೇ ಬರ್ಲಿ." ಅವತ್ತಿನಿಂದ ಅವನಿಗೆ ಜೀವನದಲ್ಲಿ ಬೇಕಾದದ್ದು ಅದೊಂದೇ ಮಾತು.

ಹುಡುಗಿಗೆ ಅವನ ಮೇಲೆ ಕೋಪವೇನೂ ಇರಲಿಲ್ಲ. ಅವನನ್ನು ಏನೆಂದು ಕರೆಯಬೇಕೋ ಗೊತ್ತಿರಲಿಲ್ಲ, ಅಷ್ಟೆ. ಅಪ್ಪ ಎನ್ನಲು ನಾಲಿಗೆ ಏಳದು, ಅಂಕಲ್ ಎಂದರೆ ಅಮ್ಮನ ಮುಖ ಸಪ್ಪಗಾಗುತ್ತದೆ. ಹಾಗಾಗಿ ಯಾವ ಹೆಸರೂ ಹಿಡಿಯದೆ ಮಾತಾಡುವ ವಿದ್ಯೆ ಕಲಿತಿದ್ದಳು. "ಊಟಕ್ಕೆ ಕರೀತಿದ್ದಾರೆ" ಎಂದು ಬಾಗಿಲಿಗೆ ಹೇಳುತ್ತಿದ್ದಳು, "ಫೋನ್ ಬಂದಿದೆ" ಎಂದು ಮೆಟ್ಟಿಲಿಗೆ ಹೇಳುತ್ತಿದ್ದಳು. ಅವನೋ ಒಮ್ಮೆ ಪ್ರೀತಿ ಉಕ್ಕಿ "ಬಾ ಪುಟ್ಟಿ" ಎಂದುಬಿಟ್ಟ. ಅವಳು ಅಂಗಡಿಯ ಮೂಲೆಯಲ್ಲಿದ್ದ ಡಬ್ಬ ತೋರಿಸಿ, "ಪುಟ್ಟಿ ಅಂದ್ರೆ ಅದಲ್ವಾ, ಗಾಜಿಗೆ ಮೆತ್ತೋದು?" ಎಂದಳು. ಅಂದಿನಿಂದ ಅವನ ಬಾಯಲ್ಲಿ ಅವಳು 'ಮರಿ'ಯಾದಳು.

ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದಾಗ ಅವಳು ಅಲ್ಲಿನ ಮೀನಿನ ತೊಟ್ಟಿಯ ಮುಂದೆ ನಿಂತವಳು ಹಲ್ಲುನೋವನ್ನೇ ಮರೆತಳು ಎಂದು ಹೆಂಡತಿ ಒಂದು ದಿನ ಹೇಳಿದಳು. ಗಾಜಿನವನಿಗೆ ಅಷ್ಟು ಸಾಕಾಯಿತು. ಮಾರನೇ ದಿನವೇ ದಪ್ಪ ಗಾಜು ಕೊಯ್ದು, ಅಂಚು ಉಜ್ಜಿ, ಸಿಲಿಕೋನ್ ಅಂಟು ಎಳೆದು, ತೋಳು ಚಾಚಿದಷ್ಟು ಉದ್ದದ ತೊಟ್ಟಿ ಕೂಡಿಸಿದ. ತಳಕ್ಕೆ ತೊಳೆದ ಮರಳು ಹಾಸಿ, ಗಿಡ ನೆಟ್ಟು, ನೀರು ತುಂಬಿದ. ಶನಿವಾರ ಬಂದ ಹುಡುಗಿ ಬ್ಯಾಗು ಹೆಗಲಲ್ಲಿ ಇಟ್ಟುಕೊಂಡೇ ಅದರ ಮುಂದೆ ಕೂತಳು. "ಮೀನೆಲ್ಲಿ?" ಎಂದು ಗಾಜನ್ನು ಕೇಳಿದಳು.

"ನೀರು ಹದಕ್ಕೆ ಬರ್ಬೇಕಂತೆ. ಕೆಲವು ವಾರ ಮೀನಿಲ್ಲದೆ ಫಿಲ್ಟರ್ ಓಡ್ಬೇಕು. ಆಮೇಲೆ ನೀನೇ ಆರಿಸು," ಎಂದ.

ಕಾದರು. ನೀರು ಹದವಾಯಿತು. ಮೀನಂಗಡಿಗೆ ಇಬ್ಬರೇ ಹೋದರು.

ಮೀನಂಗಡಿಯಾಕೆಯದು ಬಾಯಿ ಜೋರು. ಕೇಳಿದ್ದನ್ನು ಕವರಿಗೆ ತುಂಬಿ ಕಳಿಸುವ ಪೈಕಿಯಲ್ಲ. ತೊಟ್ಟಿ ಎಷ್ಟು ದೊಡ್ಡದು, ನೀರು ಎಷ್ಟು ದಿನದಿಂದ ಓಡುತ್ತಿದೆ, ಬಿಸಿ ಮಾಡುವ ಸಾಧನ ಇದೆಯೋ ಇಲ್ಲವೋ ಎಲ್ಲ ವಿಚಾರಿಸಿ, ಉತ್ತರ ಒಪ್ಪಿಗೆಯಾದರೆ ಮಾತ್ರ ಬಲೆ ಕೈಗೆತ್ತಿಕೊಳ್ಳುತ್ತಿದ್ದಳು. ಹುಡುಗಿ ಗೋಲ್ಡ್ ಫಿಶ್ ಕಡೆ ಬೆರಳು ತೋರಿಸಿದಳು. "ಅದಕ್ಕೆ ತಣ್ಣೀರು ಬೇಕಮ್ಮ, ಮಿಕ್ಕಿದ್ದಕ್ಕೆಲ್ಲ ಬೆಚ್ಚನೆ ನೀರು. ಒಂದೇ ಹಾಸಿಗೇಲಿ ಮಲಗಿಸೋಕಾಗಲ್ಲ," ಎಂದಳು ಆಕೆ. ಪಟ್ಟೆಪಟ್ಟೆಯ ಬಾರ್ಬ್ ಮೀನು ತೋರಿಸಿದರೆ, "ಅವು ತರಲೆ. ಕಂಡೋರ ಬಾಲ ಕಚ್ತವೆ," ಎಂದಳು. ಕೊನೆಗೆ ನೀಲಿ ಗೆರೆಯ ನಿಯಾನ್ ಮೀನುಗಳ ಒಂದು ಗುಂಪು, ತಳದಲ್ಲಿ ಮೂತಿಯಿಂದ ಮರಳು ಕೆದಕುವ ಮೀಸೆ ಮೀನುಗಳು ಕೆಲವು ಆದವು. "ನಿಯಾನ್ ಒಂದೆರಡು ಒಯ್ದರೆ ಹೆದರಿ ಸಾಯ್ತವೆ. ಗುಂಪಿದ್ರೇನೇ ಅವಕ್ಕೆ ಧೈರ್ಯ," ಎಂದು ಕವರಿಗೆ ಗಂಟು ಹಾಕಿದಳು.

ಅಷ್ಟಕ್ಕೇ ಹೊರಟುಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹುಡುಗಿ ಬಾಗಿಲ ಬಳಿಯ ತೊಟ್ಟಿಯ ಮುಂದೆ ನಿಂತುಬಿಟ್ಟಳು. ಒಳಗೆ ಉಗುರಗಲದ ಏಂಜಲ್ ಮೀನಿನ ಮರಿಯೊಂದು ರೆಕ್ಕೆ ಬಿಚ್ಚಿಕೊಂಡು ಗಾಳಿಪಟದ ಹಾಗೆ ತೇಲುತ್ತಿತ್ತು. ಅವಳು ತಿರುಗಿ, ಬಾಗಿಲಿಗಲ್ಲ ಗೋಡೆಗಲ್ಲ, ನೇರ ಅವನ ಮುಖ ನೋಡಿ, "ಇದು ಬೇಕು," ಎಂದಳು.

"ಅಣ್ಣಾ, ಅದು ಬೇಡ," ಎಂದಳು ಅಂಗಡಿಯಾಕೆ. "ಈಗ ಇಷ್ಟಿದೆ ಅಂತ ನೋಡ್ಬೇಡಿ. ಅಂಗೈಯಷ್ಟಾಗುತ್ತೆ. ಅದರ ಬಾಯಿಗೆ ಹಿಡಿಸೋದೆಲ್ಲ ಅದಕ್ಕೆ ಊಟ. ನಿಯಾನನ್ನ ಒಂದೊಂದಾಗಿ ಗುಳುಂ ಮಾಡುತ್ತೆ. ಇದು ಬೇಕಾದ್ರೆ ನಿಯಾನ್ ಬಿಡಿ, ನಿಯಾನ್ ಬೇಕಾದ್ರೆ ಇದನ್ನ ಬಿಡಿ."

ಅವನಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೆ ಆ ಹುಡುಗಿ ಅವನನ್ನು ನೇರವಾಗಿ ಕೇಳಿದ ಮೊದಲ ವಸ್ತು ಅದು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮೇಲಾಗಿ ಅವನ ಕಣ್ಣಿಗೆ ಮೀನಿನ ಅಳತೆ ಸಿಕ್ಕಿಯಾಗಿತ್ತು: ಉಗುರಗಲ. ಜನ್ಮವೆಲ್ಲ ಗಾಜಿನ ಜೊತೆ ಕಳೆದವನಿಗೆ ಅಳತೆ ಎಂದರೆ ಅಳತೆ, ನಾಳೆಗೆ ಬೆಳೆಯುವ ವಸ್ತುವಿನ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. "ಇರ್ಲಿ ಬಿಡಿ ಅಕ್ಕಾ, ನಾನು ನೋಡ್ಕೋತೀನಿ," ಎಂದ. ಆಕೆ ಹಣೆ ಚಚ್ಚಿಕೊಂಡು ಬಲೆ ಇಳಿಸಿದಳು.

ಮುಂದಿನ ಕೆಲವು ತಿಂಗಳು ಆ ಮನೆಯಲ್ಲಿ ಇದ್ದಷ್ಟು ಸಂತೋಷ ಮತ್ತೆಲ್ಲೂ ಇರಲಿಲ್ಲ. ಏಂಜಲ್ ಮರಿಗೆ ಗಾಳಿಪಟ ಎಂದೇ ಹೆಸರಾಯಿತು. ನಿಯಾನ್ ಮೀನುಗಳು ನಿಮಗೂ ನನಗೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡಾವು, ಹುಡುಗಿಗೆ ಹಾಗಲ್ಲ. ಸದಾ ಗುಂಪಿನ ಮುಂದೆ ಹೋಗುವುದು ಮಾನಿಟರ್. ನೀಲಿ ಗೆರೆ ನಡುವೆ ಕೊಂಚ ಕಡಿದಿದ್ದದ್ದು ತುಂಡುಗೆರೆ. ಗಿಡದ ಮರೆಯಲ್ಲೇ ಬಿದ್ದಿರುವುದು ಸೋಮಾರಿ. "ಮಾನಿಟರಿಗೆ ಇವತ್ತು ಸಿಟ್ಟು ಬಂದಿದೆ ನೋಡಿ," ಎಂದು ಕರೆಯುವಳು. ಗಾಜಿನವನು ಕನ್ನಡಕ ಮೂಗಿಗೇರಿಸಿ ನೋಡುವನು, ಯಾವುದು ಮಾನಿಟರ್ ಯಾವುದು ಬೇರೆ ಎಂದು ಅವನಿಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ. "ಹೌದು ಹೌದು, ಮುಖ ಊದಿಸ್ಕೊಂಡಿದೆ," ಎಂದು ಹೂಂಗುಟ್ಟುವನು. ಹುಡುಗಿ ನಗುವಳು. ಒಂದು ಭಾನುವಾರ ಹೊರಡುವಾಗ, "ನಮ್ಮ ಟ್ಯಾಂಕಿನ ಲೈಟ್ ಆರಿಸೋದು ಮರೀಬೇಡಿ," ಎಂದಳು. ನಮ್ಮ ಎಂದಳಲ್ಲ! ಅವನು ಅದನ್ನು ಹೆಂಡತಿಗೆ ಹೇಳಿದ, ಅಂಗಡಿಗೆ ಬಂದ ಗಿರಾಕಿಗಳಿಗೆ ಹೇಳಿದ, ಕೇಳುವವರಿಲ್ಲದಾಗ ತನಗೇ ಹೇಳಿಕೊಂಡ.

ಗಾಳಿಪಟ ಬೆಳೆಯಿತು. ಬೆಳೆಯದೆ ಇನ್ನೇನು ಮಾಡೀತು?

ಒಂದು ಗುರುವಾರ ಬೆಳಿಗ್ಗೆ ತಿಂಡಿ ಹಾಕಲು ಹೋದವನಿಗೆ ಗುಂಪು ತೆಳ್ಳಗಾದಂತೆ ಕಂಡಿತು. ಎಣಿಸಿದ. ಒಂದು ಕಡಿಮೆ. ಗಿಡದ ಬುಡ, ಫಿಲ್ಟರಿನ ಹಿಂದೆ, ತೊಟ್ಟಿಯ ಕೆಳಗಿನ ನೆಲ ಎಲ್ಲ ಹುಡುಕಿದ. ಗಾಳಿಪಟ ಹೊಟ್ಟೆ ದುಂಡಗೆ ಮಾಡಿಕೊಂಡು ಮೂಲೆಯಲ್ಲಿ ಸುಮ್ಮನೆ ತೇಲುತ್ತಿತ್ತು. ಗಾಜಿನವನ ಎದೆಯಲ್ಲಿ ಮೊದಲು ಮೂಡಿದ್ದು ಮೀನಿನ ಚಿಂತೆಯಲ್ಲ, ಶನಿವಾರದ ಚಿಂತೆ. ಆಮೇಲೆ ಕೈಗೆ ಅಭ್ಯಾಸವಾದ ಯೋಚನೆ ತಾನಾಗಿಯೇ ಬಂತು: ಒಡೆದದ್ದನ್ನು ತೆಗೆದು ಅದೇ ಅಳತೆಯದನ್ನು ಕೂರಿಸಿದರಾಯಿತು. ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟ. ಅಷ್ಟೇ ಉದ್ದದ, ಅಷ್ಟೇ ಬಣ್ಣದ ನಿಯಾನ್ ತಂದು ಬಿಟ್ಟ. ಶನಿವಾರ ಹುಡುಗಿ ಬಂದಳು, ತೊಟ್ಟಿಯ ಮುಂದೆ ಕೂತಳು, ಏನೂ ಅನ್ನಲಿಲ್ಲ. ಅವನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ವಾರಕ್ಕೊಂದು, ಕೆಲವು ವಾರ ಎರಡು, ನಿಯಾನ್‌ಗಳು ಮಾಯವಾಗುತ್ತಿದ್ದವು, ಶುಕ್ರವಾರ ಸಂಜೆಯೊಳಗೆ ಬದಲಿಗಳು ಬರುತ್ತಿದ್ದವು. ಮೀನಂಗಡಿಯಾಕೆಗೆ ರೇಗಿಹೋಯಿತು. "ಅಣ್ಣಾ, ಇದು ಮೀನು ಸಾಕೋದಲ್ಲ, ಮೀನಿಗೆ ಮೀನು ಬಡಿಸೋದು. ಆ ಏಂಜಲನ್ನ ತಂದ್ಕೊಡಿ, ಅದರ ಸರೀಕರ ಜೊತೆ ನಾನಿಟ್ಕೋತೀನಿ," ಎಂದಳು. ಗಾಳಿಪಟವನ್ನು ಕಳಿಸಿದರೆ ಹುಡುಗಿ ಕೇಳುತ್ತಾಳೆ, ಕೇಳಿದರೆ ನಿಯಾನ್‌ಗಳ ಸುದ್ದಿ ಹೇಳಬೇಕು, ಹೇಳಿದರೆ ಅಳುತ್ತಾಳೆ. ಅವನ ಮನೆಯಲ್ಲಿ, ಅವನ ಕಣ್ಣೆದುರು ಅವಳು ಅಳುವುದನ್ನು ನೆನೆಸಿಕೊಳ್ಳಲೂ ಅವನಿಂದಾಗುತ್ತಿರಲಿಲ್ಲ. "ಹೊಸ ಕ್ಲಾಸು ಶುರುವಾಗ್ಲಿ ಅಕ್ಕಾ, ಆಮೇಲೆ ನೋಡೋಣ," ಎಂದು ಕವರು ಮುಚ್ಚಿಕೊಂಡು ಬಂದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕವರನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಒಲೆಯ ಕಡೆ ತಿರುಗಿದಳು.

ಹುಡುಗಿ ಈಗೀಗ ಮಾತು ಕಡಿಮೆ ಮಾಡಿದ್ದಳು. ತೊಟ್ಟಿಯ ಮುಂದೆ ಕೂರುವುದೇನೋ ಕೂರುತ್ತಿದ್ದಳು, ಮಾನಿಟರಿನ ಸಿಟ್ಟು, ಸೋಮಾರಿಯ ನಿದ್ದೆ ಯಾವುದರ ವರದಿಯೂ ಬರುತ್ತಿರಲಿಲ್ಲ. ಪರೀಕ್ಷೆಯ ಚಿಂತೆ ಇರಬೇಕು ಎಂದುಕೊಂಡ. ಮನುಷ್ಯ ತನಗೆ ಅನುಕೂಲವಾದ ಕಾರಣವನ್ನು ಎಷ್ಟು ಬೇಗ ಹುಡುಕಿಕೊಳ್ಳುತ್ತಾನೆ ನೋಡಿ.

ಪರೀಕ್ಷೆ ಮುಗಿದು, ರಜೆಯೂ ಮುಗಿಯುತ್ತಾ ಬಂತು. ಆ ಶನಿವಾರ ಊಟಕ್ಕೆ ಕೂತಾಗ ಅಮ್ಮ ಕೇಳಿಯೇಬಿಟ್ಟಳು: "ಮೇಲಿನ ಕೋಣೆ ನೋಡಿದ್ಯಲ್ಲ ಕಂದಾ, ಇನ್ನು ಇಲ್ಲೇ ಇರ್ತೀಯಾ?" ಹುಡುಗಿ ತಟ್ಟೆ ನೋಡುತ್ತಾ, "ನಾಳೆ ಹೇಳ್ತೀನಿ," ಎಂದಳು. ಕೈ ತೊಳೆದು ಬಂದು ತೊಟ್ಟಿಯ ಮುಂದೆ ನಿಂತಳು. ಗಾಜಿನವನು ಏನೋ ಒರೆಸುವ ನೆಪ ಮಾಡಿಕೊಂಡು ಪಕ್ಕಕ್ಕೆ ಬಂದ.

"ಇದ್ರಲ್ಲಿ ಮಾನಿಟರ್ ಯಾವ್ದು?" ಎಂದು ಅವಳು ಕೇಳಿದಳು.

ಕಣ್ಣಿಗೆ ಬಿದ್ದ ಒಂದು ಮೀನಿಗೆ ಬೆರಳು ತೋರಿಸಿದ. "ಅದೇ, ಮುಂದೆ ಹೋಗ್ತಿದ್ಯಲ್ಲ."

"ತುಂಡುಗೆರೆ?"

"ಗಿಡದ ಹಿಂದೆ ಇರ್ಬೇಕು."

"ಯಾವ್ದೂ ಸತ್ತಿಲ್ವಾ?"

"ಇಲ್ಲ ಮರಿ. ಎಲ್ಲಾ ಇವೆ. ಬೇಕಾದ್ರೆ ಎಣಿಸ್ಕೋ."

ಅವಳು ಎಣಿಸಲಿಲ್ಲ. ಅವನ ಕಡೆ ತಿರುಗಿ, "ನಿಜವಾಗ್ಲೂ?" ಎಂದಳು. ಬೇಡುವವರ ದನಿಯಿತ್ತು ಅದರಲ್ಲಿ. ಅವನಿಗೆ ಅದು ಕೇಳಿಸಲಿಲ್ಲ.

"ನಿಜವಾಗ್ಲೂ," ಎಂದ.

ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವನಿಗೂ ಏನಾದರೂ ಹೊಳೆಯುತ್ತಿತ್ತೇನೋ. "ಸರಿ," ಎಂದಷ್ಟೇ ಹೇಳಿ ಅಮ್ಮನ ಬಳಿ ಹೋದಳು.

ಭಾನುವಾರ ಸಂಜೆ ಹೊಸ್ತಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಾ, "ಅಮ್ಮಾ, ನಾನು ಅಜ್ಜಿ ಮನೇಲೇ ಇರ್ತೀನಿ," ಎಂದಳು.

"ಯಾಕೆ ಕಂದಾ? ಇಲ್ಲಿ ಏನು ಕಡಿಮೆಯಾಗಿದೆ?"

"ಏನೂ ಇಲ್ಲ. ಇಲ್ಲಿ ಏನಾದ್ರೂ ಆದ್ರೆ ನಂಗೆ ಗೊತ್ತಾಗಲ್ಲ. ಅಜ್ಜಿ ಎಲ್ಲಾ ಹೇಳ್ತಾಳೆ."

ಅಮ್ಮ ಎದ್ದು ಚಪ್ಪಲಿ ಮೆಟ್ಟಿದಳು. ಮಗಳನ್ನು ಸೇತುವೆ ದಾಟಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಳು. ಗಾಜಿನವನಿಗೆ ಆ ಮಾತಿನ ತುದಿಮೊದಲು ತಿಳಿದಿರಲಿಲ್ಲ. "ಅವಳು ಹೇಳಿದ್ದೇನು?" ಎಂದು ಕೇಳಿದ.

"ನಿಮ್ಮ ಮೀನುಗಳ ಸುದ್ದಿ," ಎಂದಳು ಹೆಂಡತಿ. "ನನ್ನ ಸುದ್ದಿಯೂ ಹೌದು. ಅವಳಪ್ಪ ಆಸ್ಪತ್ರೇಲಿ ತೀರ್ಕೊಂಡಾಗ ನಾನು ಅವಳಿಗೆ ಹೇಳ್ಲಿಲ್ಲ ರೀ. ಕೆಲಸದ ಮೇಲೆ ದೂರ ಹೋಗಿದ್ದಾರೆ ಅಂದೆ. ಅವಳಿಗೆ ಪರೀಕ್ಷೆ ಇತ್ತು. ಅದು ಮುಗೀಲಿ ಅಂದ್ಕೊಂಡೆ, ಆಮೇಲೆ ರಜೆ ಕಳೀಲಿ ಅಂದ್ಕೊಂಡೆ. ಮಗು ದಿನಾ ಕಿಟಕೀಲಿ ಕೂತು ದಾರಿ ನೋಡ್ತಿತ್ತು. ಕೊನೆಗೆ ಸ್ಕೂಲಲ್ಲಿ ಯಾರೋ ಹೇಳಿದ್ರು. ಮನೆಗೆ ಬಂದು ನನ್ನನ್ನ ಒಂದು ಮಾತೂ ಕೇಳ್ಲಿಲ್ಲ. ಬ್ಯಾಗ್ ತಗೊಂಡು ಅಜ್ಜಿ ಮನೆಗೆ ಹೋದ್ಲು."

"ಇದನ್ನ ನನ್ಹತ್ರ ಯಾಕೆ ಹೇಳ್ಲಿಲ್ಲ ನೀನು?"

"ನೀವು ಆ ಕವರ್ ಹಿಡ್ಕೊಂಡು ಬಂದಾಗೆಲ್ಲ ಬಾಯಿವರೆಗೂ ಬರ್ತಿತ್ತು. ನಾಚಿಕೆಯಾಗಿ ನುಂಗ್ಕೊಂಡೆ," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಗಾಜಿನವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಅವಳಿಗಾದರೂ ಗಂಡ ಸತ್ತ ದುಃಖವಿತ್ತು. ತನಗೆ ಯಾವ ದುಃಖವಿತ್ತು?

ಮಾರನೇ ದಿನ ಅಂಗಡಿ ತೆರೆಯದೆ ಸೇತುವೆ ದಾಟಿದ. ಅಜ್ಜಿ ಬಾಗಿಲು ತೆರೆದು, ಅವನ ಮುಖ ನೋಡಿ, "ಒಳಗಿದ್ದಾಳೆ, ಹೋಗಿ," ಎಂದು ದಾರಿ ಬಿಟ್ಟಳು. ಹುಡುಗಿ ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಾ ನೆಲದ ಮೇಲೆ ಕೂತಿದ್ದಳು. ಅವನೂ ಎದುರಿಗೆ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ.

"ಮರಿ, ನಾನು ಸುಳ್ಳು ಹೇಳ್ದೆ. ಮಾನಿಟರ್ ಇಲ್ಲ. ತುಂಡುಗೆರೆಯೂ ಇಲ್ಲ. ಮೊದಲು ತಂದಿದ್ದ ನಿಯಾನ್ ಒಂದೂ ಉಳಿದಿಲ್ಲ. ಗಾಳಿಪಟ ತಿಂದ್ಬಿಡ್ತು. ನಾನು ಬೇರೆ ತಂದು ತಂದು ಬಿಡ್ತಿದ್ದೆ."

"ಗೊತ್ತು," ಎಂದಳು ಅವಳು, ಕಾಗದ ಮಡಿಸುತ್ತಾ. "ಮೊದಲು ಹೋಗಿದ್ದು ಮಾನಿಟರ್. ಹೊಸದು ಎಲ್ಲರ ಹಿಂದೆ ಹೋಗ್ತಿತ್ತು."

"ಗೊತ್ತಿದ್ರೂ ಕೇಳ್ಲಿಲ್ವಲ್ಲ ನೀನು?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಪ್ರತಿ ಶನಿವಾರ."

ವಾರಪೂರ್ತಿ ತಾನು ಅವಳಿಗಾಗಿ ಕಾಯುತ್ತಿದ್ದೇನೆ ಎಂದುಕೊಂಡಿದ್ದ, ಇಲ್ಲಿ ಅವಳೂ ಕಾದಿದ್ದಳು. "ಗಾಳಿಪಟಾನ ಏನು ಮಾಡ್ಲಿ, ನೀನೇ ಹೇಳು," ಎಂದ.

"ಅದರದೇನು ತಪ್ಪು? ಹಸಿವಾಯ್ತು, ತಿಂತು. ಅದಕ್ಕೆ ಬೇರೆ ಟ್ಯಾಂಕ್ ಮಾಡ್ಕೊಡಿ."

"ಮಾಡ್ತೀನಿ. ಇವತ್ತೇ ಮಾಡ್ತೀನಿ. ಮರಿ, ನೀನು ಬಂದ್ಬಿಡ್ತೀಯಾ ಹಾಗಾದ್ರೆ? ಇನ್ಮೇಲೆ ಏನೇ ಆದ್ರೂ ಮೊದಲು ನಿಂಗೇ ಹೇಳ್ತೀನಿ."

ಅವಳು ಪುಸ್ತಕದ ಅಂಚು ಸವರಿದಳು. "ಶನಿವಾರ ಬರ್ತೀನಿ," ಎಂದಳು. "ಭಾನುವಾರ ವಾಪಸ್ ಬಂದ್ಬಿಡ್ತೀನಿ."

ಅವನು ತಲೆಯಾಡಿಸಿದ. ಏಳಲು ಹೋಗಿ ಮತ್ತೆ ಕೂತ. ತನ್ನ ಪರವಾಗಿ ಒಂದು ಮಾತಾದರೂ ಹೇಳಿಕೊಳ್ಳದೆ ಹೋಗಲು ಮನಸ್ಸಾಗಲಿಲ್ಲ. "ನಿಂಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ ಕಣಮ್ಮ. ಬೇರೇನಿಲ್ಲ."

ಹುಡುಗಿ ತಲೆಯೆತ್ತಿದಳು. ನಿಜವಾಗಿಯೂ ಅರ್ಥವಾಗದೆ ಕೇಳುವವಳ ಹಾಗೆ, "ಹೇಳಿದ್ರೆ ಅಳ್ತಿದ್ದೆ," ಎಂದಳು. "ಅಷ್ಟೇ ಅಲ್ವಾ?"

ಅಜ್ಜಿ ಕುಡಿಯಲು ನೀರು ತಂದುಕೊಟ್ಟಳು, ಕುಡಿದ, ಚಪ್ಪಲಿ ಮೆಟ್ಟಿ ಬೀದಿಗೆ ಇಳಿದ. ಸೇತುವೆಯ ಮೇಲೆ ಜನ ಕೆಲಸಕ್ಕೆ ಓಡುತ್ತಿದ್ದರು. ಅಷ್ಟೇ ಆಗುತ್ತಿತ್ತು. ಮೊದಲ ಮೀನಿಗೇ ಅವಳು ಅಳುತ್ತಿದ್ದಳು, ತೊಟ್ಟಿಯ ಮುಂದೆ ಕೂತು, ಮೂಗು ಸೋರಿಸಿಕೊಂಡು, ಒಂದರ್ಧ ಗಂಟೆ. ಆ ಅರ್ಧ ಗಂಟೆ ಅವಳ ಪಕ್ಕದಲ್ಲಿ ಸುಮ್ಮನೆ ಕೂತಿರುವುದೊಂದೇ ಅವನು ಅಪ್ಪನಾಗಿ ಮಾಡಬೇಕಾಗಿದ್ದ ಕೆಲಸ. ಅದನ್ನು ತಪ್ಪಿಸಿಕೊಳ್ಳಲು ಅವನು ಅಷ್ಟೂ ಶುಕ್ರವಾರಗಳು ಮೀನಂಗಡಿಗೆ ಓಡಿದ್ದ.